ಕೊನೆಯವರ ಕೆಮ್ಮು

ದೋಲಾತ ಮೇಷ್ಟ್ರು ತೀರಿಕೊಂಡ ಮೇಲೆ ಅವರ ಕೊನೆಯ ಕೃತಿಯನ್ನು ವೂಚ್ ನಗರದಲ್ಲೇ ಮೊದಲು ಹಾಡಬೇಕು ಎಂದು ಹಟ ಹಿಡಿದವಳು ಬೋಗ್ನಾ. ಅವಳು ಅವರ ಶಿಷ್ಯೆ, ಹತ್ತಿ ಗಿರಣಿಯ ಹೆಂಗಸರ ಗಾಯನ ತಂಡವನ್ನು ಮುಂದೆ ನಿಂತು ಕೈಸನ್ನೆಯಿಂದ ಹಾಡಿಸುತ್ತಿದ್ದವಳು. ಆಸ್ಪತ್ರೆಯಲ್ಲಿ ಹಾಳೆಗಳನ್ನು ಅವಳ ಮಡಿಲಿಗೆ ಹಾಕಿ ಮೇಷ್ಟ್ರು ಹೇಳಿದ್ದು ಒಂದೇ ಮಾತು: "ನಡುವೆ ಕೈ ಇಳಿಸಬೇಡ." ಅವಳು ಹೂಂ ಅಂದಿದ್ದಳು.

'ಮಗ್ಗ ನಿಂತ ಮೇಲೆ' ಎಂಬುದು ಆ ಕೃತಿಯ ಹೆಸರು. ಮೇಷ್ಟ್ರ ಬರವಣಿಗೆಯಲ್ಲಿ ತಾಳದ ಗೆರೆಗಳು ಇರುತ್ತಿರಲಿಲ್ಲ. ಯಾವ ಸ್ವರಗುಚ್ಛ ಎಷ್ಟು ಸೆಕೆಂಡು ನಿಲ್ಲಬೇಕು ಎನ್ನುವುದನ್ನು ಪುಟದ ನೆತ್ತಿಯಲ್ಲಿ ಬರೆಯುತ್ತಿದ್ದರು, ಅಷ್ಟೆ. ಈ ಕೃತಿಯಲ್ಲಿ ನಡುವಿನ ಒಂದು ಪುಟ ಪೂರಾ ಖಾಲಿ. ಸೆಕೆಂಡುಗಳಿರಬೇಕಾದಲ್ಲಿ ಒಂದು ಸಾಲು ಮಾತ್ರ ಇತ್ತು: 'ಸಭಾಂಗಣದಲ್ಲಿರುವ ಕೊನೆಯವರು ಕೆಮ್ಮು ನಿಲ್ಲಿಸುವವರೆಗೆ ಮೌನ.'

ಇದನ್ನು ತಮಾಷೆ ಎಂದುಕೊಂಡವರು ವೂಚ್‌ನವರಲ್ಲ. ಹತ್ತಿಯ ಧೂಳು ಕುಡಿದ ಎದೆ ಕೆಮ್ಮದೆ ಬಿಡುವುದಿಲ್ಲ. ಮೇಷ್ಟ್ರ ತಾಯಿ ಇಪ್ಪತ್ತು ವರ್ಷ ಮಗ್ಗದ ಮುಂದೆ ನಿಂತು, ಕೆಮ್ಮುತ್ತಲೇ ಸತ್ತವಳು. ಮಗ ಸಂಗೀತ ಕಲಿತು ದೊಡ್ಡವನಾದ. ಸಂತೋಷವಾಗಿರುವ ಕಾರ್ಮಿಕರ ಮೇಲೆ ಹಾಡು ಬರೆಯಿರಿ ಎಂದು ಸರ್ಕಾರ ಹೇಳಿದ ಕಾಲದಲ್ಲಿ ಏನನ್ನೂ ಬರೆಯದೆ, ಶಾಲೆಗಳ ಪಿಯಾನೋ ರಿಪೇರಿ ಮಾಡಿಕೊಂಡಿದ್ದ. ಕೊನೆಗೂ ಹೆಸರು ಬಂದಾಗ ತನ್ನ ಪಾಲಿನ ಟಿಕೆಟ್ಟುಗಳನ್ನೆಲ್ಲ ಗಿರಣಿ ಗೇಟಿನಲ್ಲಿ ಹಂಚಿದ. ರಾಜಧಾನಿ ವಾರ್ಸಾದ ವಿಮರ್ಶಕರು ಬಂದು ಕೇಳಿ ಹೋಗಿ, ಸಂಗೀತ ಸೂಕ್ಷ್ಮವಾಗಿದೆ, ಆದರೆ ಆ ಕೆಮ್ಮುವ ಹೆಂಗಸರನ್ನು ಹೊರಗಿಡಬೇಕಿತ್ತು ಎಂದು ಬರೆದರು. ಮೇಷ್ಟ್ರು ಉತ್ತರ ಬರೆಯಲಿಲ್ಲ. ಬಹಳ ವರ್ಷಗಳ ಮೇಲೆ ಆ ಖಾಲಿ ಪುಟ ಬರೆದರು.

ಈಗ ಮಿಲಿಟರಿ ಕಾನೂನಿನ ಕಾಲ. ಸುಮ್ಮನಿರುವುದೂ ತಪ್ಪಾಗಿ ಕಾಣುತ್ತಿದ್ದ ವರ್ಷ ಅದು. ಟಿವಿ ವಾರ್ತೆಯ ಹೊತ್ತಿಗೆ ಜನ, ಸರ್ಕಾರದ ಸುದ್ದಿ ನಮಗೆ ಬೇಡ ಎಂದು ತೋರಿಸಲು, ಟಿವಿಯನ್ನು ಕಿಟಕಿಯತ್ತ ತಿರುಗಿಸಿಟ್ಟು ಬೀದಿಯಲ್ಲಿ ಅಡ್ಡಾಡುತ್ತಿದ್ದರು. ಸರ್ಕಾರದ ಪರ ನಿಂತ ನಟರು ರಂಗದ ಮೇಲೆ ಬಾಯಿ ತೆರೆದರೆ ಸಭೆಗೆ ಸಭೆಯೇ ಕೆಮ್ಮುತ್ತಿತ್ತು. ಹಾಗಾಗಿ ಸಂಸ್ಕೃತಿ ಇಲಾಖೆಯ ರೆಶ್ಕಾ ಆ ಪುಟ ನೋಡಿದವನೇ ಅಭ್ಯಾಸದ ಕೋಣೆಗೆ ಬಂದ. ಜೊತೆಗೆ ಗಿರಣಿಯ ಡೈರೆಕ್ಟರ್, ಟೋಪಿ ಕೈಯಲ್ಲಿ ಹಿಡಿದುಕೊಂಡು. ರೆಶ್ಕಾ ಒರಟನಲ್ಲ. ಬೋಗ್ನಾಳ ಕೈಗೆ ಮುತ್ತಿಟ್ಟು ಕುಳಿತ; ಕೊಟ್ಟ ಚಹಾ ಕುಡಿದ. 'ಪಾನಿ', ಅಂದರೆ ಅಮ್ಮಾವ್ರೇ, ಎಂದು ಮರ್ಯಾದೆಯಿಂದಲೇ ಮಾತು ತೆಗೆದ.

"ಪಾನಿ ಬೋಗ್ನಾ, ಇಲ್ಲಿ ಹತ್ತು ಸೆಕೆಂಡ್ ಅಂತ ಬರೆದುಬಿಡಿ. ಹತ್ತು ಸೆಕೆಂಡಿನ ಮೌನಕ್ಕೆ ಯಾರೂ ತಕರಾರು ತೆಗೆಯಲ್ಲ."

"ಬರೆದೋರು ಸ್ಮಶಾನದಲ್ಲಿದಾರೆ, ಪಾನ್ ರೆಶ್ಕಾ. ಹೋಗಿ ಕೇಳ್ಕೊಂಡು ಬನ್ನಿ. ಒಪ್ಪಿದ್ರೆ ತಿದ್ದೋಣ."

ಡೈರೆಕ್ಟರ್ ನೆಲ ನೋಡುತ್ತ, ಏನಾದರೂ ಗಲಾಟೆಯಾದರೆ ತಂಡವನ್ನೇ ಮುಚ್ಚಬೇಕಾಗುತ್ತದೆ, ಕೋಣೆಯ ಬೀಗದ ಕೈ ವಾಪಸು ಕೊಡಬೇಕಾಗುತ್ತದೆ ಎಂದ. ರೆಶ್ಕಾ ಅವನ ತೋಳು ಮುಟ್ಟಿ ಸುಮ್ಮನಾಗಿಸಿದ. ಇನ್ನೊಮ್ಮೆ ಆ ಸಾಲು ಓದಿ ನಕ್ಕ.

"ಬೇಡ ಬಿಡಿ, ಮೇಷ್ಟ್ರ ಅಕ್ಷರ ಹಾಗೇ ಇರ್ಲಿ. ಟಿಕೆಟ್ ಮಾತ್ರ ಈ ಸಲ ನಾವು ಹಂಚ್ತೀವಿ. ಕೆಮ್ಮೋರೇ ಇಲ್ಲ ಅಂದ್ರೆ ಮೌನ ತಾನಾಗೇ ಮುಗೀತದೆ."

ಅವರು ಹೋದ ಮೇಲೂ ಬೋಗ್ನಾ ಹಾಳೆ ಹಿಡಿದು ಕುಳಿತೇ ಇದ್ದಳು. ಒಂದಕ್ಷರವನ್ನೂ ಅಳಿಸದೆ ಪುಟವನ್ನು ಕೊಂದಿದ್ದ ಅವನು. ಒಳ್ಳೆ ಎದೆಯ ಅಧಿಕಾರಿಗಳ ನಡುವೆ ಆ ಮೌನ ಒಂದು ಉಸಿರಿನಷ್ಟೂ ಬಾಳುವುದಿಲ್ಲ. ಕೈ ಇಳಿಸಲೇಬೇಕಾಗುತ್ತದೆ, ಅದೂ ಮೇಷ್ಟ್ರು ಬರೆದಂತೆಯೇ.

ಸಂಜೆ ಹೆಂಗಸರು ಪಾಳಿ ಮುಗಿಸಿ ಬಂದಾಗ ಎಲ್ಲವನ್ನೂ ಹೇಳಿದಳು. ಕಾರ್ಯಕ್ರಮವನ್ನೇ ಕೈಬಿಡೋಣ ಎಂದಳು. ಹಾಡಿದರೆ ತಂಡ ಹೋದರೂ ಹೋದೀತು ಎಂಬುದನ್ನೂ ಮುಚ್ಚಿಡಲಿಲ್ಲ. ಹಿಂದಿನ ಸಾಲಿನ ಪೆಲಾಜ್ಯಾ, ಹತ್ತಿ ಹಿಂಜುವ ವಿಭಾಗದಲ್ಲಿ ಕೂದಲು ನೆರೆಸಿಕೊಂಡವಳು, ಕೋಟಿನ ಗುಂಡಿ ಬಿಚ್ಚುತ್ತ ಕೇಳಿದಳು:

"ಟಿಕೆಟ್ ಇಲ್ದೇನೂ ಒಳಗೆ ಬಿಡೋದು ಯಾರನ್ನ, ಹುಡುಗಿ?"

"ಯಾರನ್ನೂ ಬಿಡಲ್ಲ, ಪಾನಿ ಪೆಲಾ."

"ನಮ್ಮನ್ನ ಬಿಡ್ತಾರಲ್ಲ. ಹಾಡೋರ ಹತ್ರ ಟಿಕೆಟ್ ಕೇಳಿದ್ದು ಎಲ್ಲಾದ್ರೂ ಉಂಟಾ?"

ಹೆಂಗಸರು ನಕ್ಕರು. ಎಂದಿನಂತೆ ಆ ನಗು ಕೆಮ್ಮಾಗಿ ತಿರುಗಿ, ಅದು ಅಡಗುವವರೆಗೆ ಎಲ್ಲರೂ ಕಾಯಬೇಕಾಯಿತು. ಬೋಗ್ನಾ ಅವರ ಮುಖಗಳನ್ನು ನೋಡಿದಳು. ಮತ್ತೇನೂ ಕೇಳದೆ ಮೊದಲ ಪುಟ ತೆರೆದಳು.

ಕಾರ್ಯಕ್ರಮದ ಸಂಜೆ ಸಭಾಂಗಣ ತುಂಬಿತ್ತು. ಮುಂದಿನ ಸಾಲುಗಳಲ್ಲಿ ಇಸ್ತ್ರಿ ಹಾಕಿದ ಕೋಟುಗಳು, ಹಿಂದೆ ಬ್ಯಾರಕ್ಕಿನಿಂದ ಕರೆತಂದ ಸೈನಿಕರು. ಬೋಗ್ನಾ ಒಂದನ್ನು ಗಮನಿಸಿದಳು. ವೇದಿಕೆ ಹತ್ತುವ ಮುನ್ನ ಪೆಲಾಜ್ಯಾ ಕಾಗದದ ಚೀಲದಿಂದ ಎಲ್ಲರಿಗೂ ಪೆಪ್ಪರ್‌ಮಿಂಟ್ ಹಂಚುವುದು ವಾಡಿಕೆ. ಗಂಟಲು ಹಿಡಿತದಲ್ಲಿರಲಿ ಎಂದು. ಇವತ್ತು ಆ ಚೀಲ ಹೊರಗೆ ಬರಲೇ ಇಲ್ಲ.

ಮೊದಲ ಭಾಗದಲ್ಲಿ ಹೆಂಗಸರ ದನಿ ಒಂದರ ಮೇಲೊಂದು ಏರಿ ಮಗ್ಗದ ಸದ್ದಿನಂತೆ ದಟ್ಟವಾಯಿತು. ಆಮೇಲೆ ಎಳೆ ಕಡಿದಂತೆ ನಿಂತಿತು. ಬೋಗ್ನಾ ಎರಡೂ ಕೈ ಎತ್ತಿ ಹಿಡಿದಳು.

ಮೌನ. ರೆಶ್ಕಾ ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿದ.

ಪೆಲಾಜ್ಯಾ ಕೆಮ್ಮಿದಳು. ಅದು ನಾಟಕದ ಕೆಮ್ಮಲ್ಲ. ಎದೆಯ ತಳದಿಂದ ಬಂದದ್ದು. ಅದು ಮುಗಿದು, ಸಭೆ ಕದಲುವಷ್ಟರಲ್ಲಿ ಎಡಗಡೆ ಇನ್ನೊಬ್ಬಳು. ಆಮೇಲೆ ನಡುವೆ ಒಬ್ಬಳು. ಯಾರೂ ಅವಸರ ಮಾಡಲಿಲ್ಲ. ಒಂದು ಕೆಮ್ಮು ಪೂರಾ ತಣಿದು, ಇನ್ನು ಮುಗಿಯಿತು ಅನ್ನುವಾಗ ಮತ್ತೊಂದು. ವರ್ಷಗಟ್ಟಲೆ ಪೆಪ್ಪರ್‌ಮಿಂಟಿನ ಕೆಳಗೆ ಅದುಮಿಟ್ಟದ್ದನ್ನೆಲ್ಲ ಅವರು ಒಂದೊಂದಾಗಿ ಹೊರಗಿಟ್ಟರು. ಮುಂದಿನ ಸಾಲಿನವರಿಗೆ ಕೇಳದೆ ಬೇರೆ ದಾರಿ ಇರಲಿಲ್ಲ.

ಡೈರೆಕ್ಟರ್ ಪರದೆಯ ಸಂದಿಯಿಂದ ಕೈ ಬೀಸುತ್ತಿದ್ದ. ಬೋಗ್ನಾಳ ಎತ್ತಿ ಹಿಡಿದ ಕೈಗಳು ಭಾರವಾದವು. ಇಳಿಸಿದರೆ ತಂಡ ಉಳಿದೀತೇನೋ ಎಂಬ ಯೋಚನೆ ಬಂತು. ಆಮೇಲೆ ತನ್ನ ಕಣ್ಣೆದುರಿಗಿದ್ದದ್ದೇ ತಂಡ ಎಂಬುದು ಹೊಳೆಯಿತು. ಬೀಗ ಬೀಳುವುದು ಕೋಣೆಗೆ.

ಕೈಗಳನ್ನು ಇನ್ನಷ್ಟು ಮೇಲೆತ್ತಿದಳು.

ಎಲ್ಲೋ ಹಿಂದೆ ಒಬ್ಬ ಸೈನಿಕ ಕೆಮ್ಮಿದ. ತಟ್ಟನೆ ಬಾಯಿಗೆ ಟೋಪಿ ಒತ್ತಿಕೊಂಡ. ಅವನ ತಾಯಿಯೂ ಯಾವುದೋ ಗಿರಣಿಯವಳೋ, ಬರೀ ನೆಗಡಿಯೋ, ಯಾರಿಗೆ ಗೊತ್ತು. ರೆಶ್ಕಾ ಎದ್ದ. ಕುರ್ಚಿ ದಢಕ್ಕೆಂದು ಮಡಚಿಕೊಂಡಿತು. ನಡುದಾರಿಯುದ್ದಕ್ಕೂ ಅವನ ಬೂಟು ಸದ್ದು ಮಾಡಿತು. ಬಾಗಿಲು ಬಡಿಯಿತು. ಬೋಗ್ನಾ ಅದೂ ಅಡಗಲಿ ಎಂದು ಕಾದಳು.

ಆಗ ಬಂತು ಮೇಷ್ಟ್ರು ಬರೆದ ಮೌನ. ಅದು ಖಾಲಿಯಾಗಿರಲಿಲ್ಲ, ಇಷ್ಟು ಹೊತ್ತು ಕೆಮ್ಮಿದವರೆಲ್ಲ ಅದರೊಳಗಿದ್ದರು. ಅವಳು ಹೆಬ್ಬೆರಳು ಕದಲಿಸಿದಳು, ಹೆಂಗಸರು ಹಾಡಿದರು.

ಮುಗಿದ ಮೇಲೆ ರೆಶ್ಕಾ ಪಡಸಾಲೆಯಲ್ಲಿ ಸಿಗರೇಟು ಸೇದುತ್ತ ನಿಂತಿದ್ದ. ಈ ಸಲ ಅವಳ ಕೈಗೆ ಮುತ್ತಿಡಲಿಲ್ಲ.

"ಇನ್ನೂ ಎಷ್ಟು ಹೊತ್ತು ಹಾಗೇ ನಿಂತಿರ್ತಿದ್ರಿ?"

"ಅಲ್ಲೇ ಬರೆದಿದೆಯಲ್ಲ. ಇರ್ಲಿ ಅಂದೋರು ನೀವೇ."

ಅವನು ಕೈ ಚಾಚಿದ. ಬೋಗ್ನಾ ಕೋಟಿನ ಜೇಬಿನಿಂದ ಕೋಣೆಯ ಬೀಗದ ಕೈ ತೆಗೆದು ಅವನ ಅಂಗೈ ಮೇಲಿಟ್ಟಳು. ಹಿಂದಿನಿಂದ ಪೆಲಾಜ್ಯಾ ಬಂದಳು. ನಾಳೆಯಿಂದ ಅಭ್ಯಾಸ ನಮ್ಮನೆ ಮೆಟ್ಟಿಲ ಮೇಲೆ, ಅಲ್ಲಿ ದನಿ ಚೆನ್ನಾಗಿ ಏರುತ್ತೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಆಮೇಲೆ ಕಾಗದದ ಚೀಲ ತೆಗೆದು ಮೊದಲು ರೆಶ್ಕಾನ ಮುಂದೆ ಹಿಡಿದಳು.

"ತಗೊಳ್ಳಿ, ಸಾಹೇಬ್ರೇ. ಗಂಟಲಿಗೆ ಒಳ್ಳೇದು."

ಅವನು ತೆಗೆದುಕೊಳ್ಳಲಿಲ್ಲ. ಮುದುಕಿಯ ಕೈಯೂ ಕೆಳಗಿಳಿಯಲಿಲ್ಲ.