ಅಧ್ಯಕ್ಷರ ಚೀಟಿ

ಯುರೋಪಿನ ಅರಮನೆಗಳ ಒಳಸಂಚಿನ ಕಾದಂಬರಿ ಬೇಕೆಂದು ಯಾರಾದರೂ ಬಂದರೆ ಗ್ರಂಥಾಲಯದ ಅತ್ತಿಗೆಗೆ ಎಲ್ಲಿಲ್ಲದ ಹುರುಪು. ಯಾವ ರಾಣಿಗೆ ಯಾವ ಮಂತ್ರಿ ಕೈಕೊಟ್ಟ, ಯಾವ ದೊರೆಯ ಬೆನ್ನಿಗೆ ಯಾವ ತಮ್ಮ ಚೂರಿ ಹಾಕಿದ, ಎಲ್ಲ ಅವಳ ನಾಲಿಗೆಯ ತುದಿಯಲ್ಲೇ ಇತ್ತು.

"ಕೊಂದವರು ಯಾರು ಅಂತ ಹುಡುಕ್ಬೇಡಿ," ಎನ್ನುತ್ತಿದ್ದಳು. "ದೊರೆ ಯಾರನ್ನ ಜಾಸ್ತಿ ನಂಬ್ತಾನೆ ನೋಡ್ತಾ ಇರಿ."

ಎಲ್ಲರೂ ಅವಳನ್ನು ಅತ್ತಿಗೆ ಎನ್ನುತ್ತಿದ್ದುದು, ಪಕ್ಕದ ಮೇಜಿನಲ್ಲಿದ್ದ ನಾದಿನಿ ಹಾಗೆ ಕರೆಯುತ್ತಿದ್ದುದರಿಂದ. ಗಂಡನ ತಂಗಿ ಕೆಲಸವಿಲ್ಲದೆ ಮನೆಯಲ್ಲಿ ಕೂತಿದ್ದಾಗ ಹತ್ತು ಜನರ ಕೈಕಾಲು ಹಿಡಿದು ಇಲ್ಲಿಗೆ ಸೇರಿಸಿದವಳು ಅತ್ತಿಗೆಯೇ.

ಪುಸ್ತಕ ಸೂಚಿಸುವುದಕ್ಕೆ ಅವಳದೇ ಒಂದು ಕ್ರಮವಿತ್ತು. ಒಬ್ಬೊಬ್ಬ ಓದುಗರಿಗೂ ಒಂದೊಂದು ಚೀಟಿ. ಅದರಲ್ಲಿ ಅವರ ರುಚಿ, ತಾಳ್ಮೆ, ಕುಂದುಕೊರತೆ, ಇದ್ದದ್ದು ಇದ್ದ ಹಾಗೆ. ಗ್ರಂಥಾಲಯ ಸಮಿತಿಯ ಅಧ್ಯಕ್ಷರ ಚೀಟಿಯಲ್ಲಿ ಹೀಗಿತ್ತು: "ಓದುವುದಕ್ಕಿಂತ ಕಂಕುಳಲ್ಲಿ ಇಟ್ಟುಕೊಂಡು ಓಡಾಡುವುದೇ ಹೆಚ್ಚು. ನೂರು ಪುಟ ದಾಟಿದರೆ ಯಾವ ದೊರೆ ಯಾರೆಂದು ಮರೆಯುತ್ತಾರೆ. ತೆಳ್ಳಗಿನದು, ಚಂದದ ರಟ್ಟಿನದು ಕೊಡಬೇಕು." ವೈದ್ಯರು ರೋಗಲಕ್ಷಣ ಬರೆದುಕೊಳ್ಳುವ ಹಾಗೆ ಬರೆದದ್ದು, ಹಂಗಿಸುವುದಕ್ಕಲ್ಲ. ಚೀಟಿಗಳ ಪೆಟ್ಟಿಗೆಗೆ ಕೈ ಹಾಕುತ್ತಿದ್ದವರು ಅವಳು ಮತ್ತು ನಾದಿನಿ, ಇಬ್ಬರೇ.

ಮುಖ್ಯ ಗ್ರಂಥಪಾಲಕರು ನಿವೃತ್ತರಾದರು. ಆ ಕುರ್ಚಿ ಅತ್ತಿಗೆಗೇ ಎಂದು ಕಸ ಗುಡಿಸುವವರೂ ಹೇಳುತ್ತಿದ್ದರು. ಹದಿನೆಂಟು ವರ್ಷ ಅವಳು ಕಾದಿದ್ದೂ ಅದಕ್ಕೇ. ಸಂದರ್ಶನದಲ್ಲಿ ಅಧ್ಯಕ್ಷರು ಬೇರೇನೂ ಕೇಳದೆ ಜೇಬಿನಿಂದ ಆ ಚೀಟಿ ತೆಗೆದು ಮೇಜಿನ ಮೇಲಿಟ್ಟರು.

"ಇದು ನಿಮ್ಮ ಕೈಬರಹ ತಾನೇ?"

"ಹೌದು," ಎಂದಳು. ಸುಳ್ಳು ಹೇಳುವ ಅಭ್ಯಾಸವಿರಲಿಲ್ಲ. ಪೆಟ್ಟಿಗೆ ತೆರೆದ ಕೈ ಯಾರದೆಂದು ಯೋಚಿಸಬೇಕಾಗಿಯೂ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕುರ್ಚಿ ನಾದಿನಿಯದಾಯಿತು.

ಇಷ್ಟೆಲ್ಲ ಪಿತೂರಿ ಓದಿದವಳಿಗೆ ಮಗ್ಗುಲಲ್ಲಿದ್ದದ್ದು ಕಾಣಲಿಲ್ಲವೇ ಎಂದು ನೀವು ನಗಬಹುದು. ದೀಪದ ಬುಡದಲ್ಲೇ ಕತ್ತಲು, ಸ್ವಾಮಿ. ನಿಮ್ಮ ದೀಪವೂ ಅಂಥದ್ದೇ.

"ಅವರೇ ಕೇಳಿದ್ರು ಅತ್ತಿಗೆ, ನಾನು ತೋರಿಸ್ದೆ ಅಷ್ಟೇ," ಎಂದಳು ನಾದಿನಿ.

"ಚೀಟಿ ಇದೆ ಅಂತ ಅವರಿಗೆ ಹೇಳಿದ್ದು ಯಾರು?"

ನಾದಿನಿ ಕಿಟಕಿಯ ಕಡೆ ನೋಡಿದಳು. "ನನಗೂ ಒಂದು ಆಸೆ ಇರಬಾರ್ದಾ?"

"ಬಾಯಿಬಿಟ್ಟು ಹೇಳಿದ್ದಿದ್ರೆ ನಾನೇ ಬಿಟ್ಟುಕೊಡ್ತಿದ್ದೆ." ಕೊಡುತ್ತಿದ್ದಳೋ ಇಲ್ಲವೋ, ಆ ಗಳಿಗೆಯಲ್ಲಿ ಅವಳು ಅದನ್ನು ನಂಬಿದ್ದಳು.

ನಾದಿನಿ ಮದುವೆಯಾಗಿ ಹೋಗಿದ್ದು ಎರಡೇ ಬೀದಿಯಾಚೆ. ಅವಳು ಬಂದು ಅಣ್ಣನ ಕಿವಿ ಊದುವ ಮೊದಲೇ ತನ್ನ ಗಂಡನಿಗೆ ಎಲ್ಲ ಹೇಳಿ ಹಗುರಾಗಬೇಕೆಂದು ಅತ್ತಿಗೆ ಅರ್ಧ ದಿನದ ರಜೆ ಹಾಕಿ ಮನೆಗೆ ಓಡಿದಳು. ಅವನು ಶಾಂತವಾಗಿ ಕೇಳಿಸಿಕೊಂಡ.

"ಯಾರಿಗಾದ್ರೇನು, ಕುರ್ಚಿ ನಮ್ಮವರಿಗೇ ಸಿಕ್ತಲ್ಲ," ಎಂದ.

"ನನ್ನ ಚೀಟಿ ಕದ್ದು ಕೊಟ್ಟಿದ್ದಾಳೆ ರೀ."

"ಹೋದ ವಾರವೇ ನನ್ನ ಕೇಳಿದ್ಲು, ಕೊಡ್ಲಾ ಅಂತ. ನಿನಗೆ ಬೇಜಾರಾಗುತ್ತೆ ಅಂತ ಸುಮ್ಮನಿದ್ದೆ."

ಚಪ್ಪಲಿ ಬಿಡಲು ಬಗ್ಗಿದ್ದ ಅತ್ತಿಗೆ ಅದನ್ನು ಮತ್ತೆ ಮೆಟ್ಟಿಕೊಂಡು ಹೊರಗೆ ನಡೆದಳು.