ಹನ್ನೊಂದನೆಯ ಲಾರಿ

"ಎಷ್ಟು ಒರೆಸ್ಕೊಂಡು ಒತ್ತಿದ್ರೂ ಅಷ್ಟೇ ಕಣಮ್ಮ. ತೊಂದ್ರೆ ನಿನ್ನ ಬೆರಳಿಂದಲ್ಲ, ಕಾರ್ಡೇ ರದ್ದಾಗೈತೆ," ಎಂದ ನೊಣವಿನಕೆರೆಯ ನ್ಯಾಯಬೆಲೆ ಅಂಗಡಿಯ ದುರ್ಗಯ್ಯ.

ಚಿಕ್ಕಗಂಗಮ್ಮ ಹೆಬ್ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಗಂಡನ ಮುಖ ನೋಡಿದಳು. ದಾಸಯ್ಯ ಖಾಲಿ ಚೀಲ ಹಿಡಿದು ನಿಂತಿದ್ದ. ಅಕ್ಕಿ ಹೋದರೆ ಹೋಗಲಿ, ಬರುವ ಸೋಮವಾರ ಅವಳನ್ನು ಬೆಂಗಳೂರಿನ ಆಸ್ಪತ್ರೆಗೆ ಸೇರಿಸಬೇಕಿತ್ತು, ಹೃದಯದ ಆಪರೇಷನ್. ಬಿಪಿಎಲ್ ಕಾರ್ಡು ನೋಡಿಯೇ ಡಾಕ್ಟರು ಖರ್ಚಿನ ಯೋಚನೆ ಬಿಡಿ ಎಂದಿದ್ದರು.

"ಯಾಕಣ್ಣ ರದ್ದಾಯ್ತು?"

"ಇನ್‌ಕಂ ಟ್ಯಾಕ್ಸ್ ಕಟ್ಟೋರಿಗೆ ಈ ಕಾರ್ಡಿಲ್ಲ ಕಣಪ್ಪ. ನಿನ್ನ ಹೆಸ್ರಲ್ಲಿ ಲಾರಿ ಐತಂತೆ, ವರ್ಷಾ ವರ್ಷಾ ಟ್ಯಾಕ್ಸ್ ಕಟ್ತಿದೀಯಂತೆ. ಲಾರಿ ತಗೊಂಡೋನು ನಮಗೊಂದು ಊಟ ಹಾಕ್ಸಬಾರದಾಗಿತ್ತಾ?"

ಸಾಲಿನಲ್ಲಿದ್ದವರು ನಕ್ಕರು. ದಾಸಯ್ಯನೂ ನಕ್ಕ. ದುರ್ಗಯ್ಯ ಆ ಲಾರಿಯ ನಂಬರು ಓದಿ ಹೇಳಿದಾಗ ಅವನ ನಗು ನಿಂತಿತು. ಅದು ಅವನು ಕೊಬ್ಬರಿ ತುಂಬಿಕೊಂಡು ದೆಹಲಿಗೆ ಓಡಿಸುವ, ತಿಪಟೂರಿನ ತಿಮ್ಮರಾಜುವಿನ ಲಾರಿ.

ಹೆಂಡತಿಯನ್ನು ಮನೆಗೆ ಕಳಿಸಿ ದಾಸಯ್ಯ ತಿಪಟೂರಿನ ಬಸ್ಸು ಹತ್ತಿದ. ಎರಡು ವರ್ಷದ ಹಿಂದೆ ಈ ಲಾರಿ ಹೊಸದಾಗಿ ಬಂದಾಗಿನ ಆಯುಧಪೂಜೆ ಕಣ್ಣ ಮುಂದೆ ಬಂತು. "ಓಡ್ಸೋನು ನೀನು, ಪೂಜೆಗೆ ನೀವು ಗಂಡ ಹೆಂಡ್ತೀನೇ ಕೂತ್ಕೊಳ್ಳಿ," ಎಂದು ತಿಮ್ಮರಾಜು ಹೇಳಿದ್ದ. ತಿಮ್ಮರಾಜುವಿನ ಮನೆಯಂಗಳದಲ್ಲಿ ದಾಸಯ್ಯನ ಜಾತಿಯವರು ಅದುವರೆಗೆ ಮಂದಲಿಗೆಯ ಮೇಲೆ ಕೂತದ್ದೇ ಇರಲಿಲ್ಲ. ಚಿಕ್ಕಗಂಗಮ್ಮ ಮದುವೆಯ ಸೀರೆ ಉಟ್ಟು ಬಂದಿದ್ದಳು. ಪುರೋಹಿತರು ಗೋತ್ರ ಕೇಳಿದಾಗ ಇಬ್ಬರೂ ಮುಖ ಮುಖ ನೋಡಿಕೊಂಡಿದ್ದರು. ತಿಮ್ಮರಾಜುವೇ "ಶಿವಗೋತ್ರ ಅನ್ನಿ" ಎಂದು ಮಾನ ಉಳಿಸಿದ್ದ. ಲಾರಿಯ ಮುಂದೆ ನಿಲ್ಲಿಸಿ ಯಾರೋ ಫೋಟೋ ತೆಗೆದರು. ಟ್ರಿಪ್ಪಿನ ಬತ್ತಾ ಹಣ ಬ್ಯಾಂಕಿಗೆ ಹಾಕಲಿಕ್ಕೆ ಎಂದು ತಿಮ್ಮರಾಜುವಿನ ಕಡೆಯವರು ತೋರಿಸಿದ ಕಡೆಯೆಲ್ಲ ದಾಸಯ್ಯ ಕುಂಕುಮದ ಕೈಯಲ್ಲೇ ಸಹಿ ಹಾಕಿದ. ಆಮೇಲೆ ದೆಹಲಿಯ ದಾರಿಯುದ್ದಕ್ಕೂ ಢಾಬಾಗಳಲ್ಲಿ ಇದನ್ನು ಹೇಳಿಕೊಂಡು ಬಂದಿದ್ದ. ಪ್ರತಿ ಸಲ ಹೊರಡುವಾಗ ತಿಮ್ಮರಾಜಣ್ಣನ ಮನೆ ತಣ್ಣಗಿರಲಿ ಎಂದು ಮೊದಲು ಬೇಡಿಕೊಂಡು, ಆಮೇಲೆ ತನ್ನ ಮನೆಯವರ ಹೆಸರು ಹೇಳುತ್ತಿದ್ದ.

ದಾಸಯ್ಯ ಹೋಗುವಷ್ಟರಲ್ಲಿ ಅಂಗಳದಲ್ಲಿ ಲಾರಿಗೆ ಲೋಡಾಗಿತ್ತು. ಹಮಾಲಿಗಳು ಟಾರ್ಪಾಲಿನ ಹಗ್ಗ ಬಿಗಿಯುತ್ತಿದ್ದರು. ತಿಮ್ಮರಾಜು ಜಗಲಿಯ ಕುರ್ಚಿಯಲ್ಲಿದ್ದ.

"ಎಲ್ಲಿ ಹೋಗಿದ್ಯೋ? ಮಂಡೀಲಿ ಕಾಯ್ತಾವ್ರೆ, ಹೊಲ್ಡು."

"ಅಣ್ಣ, ಈ ಲಾರಿ ಯಾರ್ದು?"

ತಿಮ್ಮರಾಜು ಫೋನು ಕೆಳಗಿಟ್ಟ. ದಾಸಯ್ಯ ಕಾರ್ಡಿನ ಸಂಗತಿ ಹೇಳಿದ.

"ಅಯ್ಯೋ, ಅದಾ. ಹತ್ತು ಲಾರಿ ನನ್ನ ಹೆಸ್ರಲ್ಲಿತ್ತು ಕಣ್ಲಾ. ಹತ್ತು ದಾಟಿದ್ರೆ ಬಾಡಿಗೇಲೇ ಟ್ಯಾಕ್ಸ್ ಮುರ್ಕೊತಾರೆ, ಎಲ್ಲಾ ಲಾರಿದೂ ಲೆಕ್ಕ ತೋರಿಸ್ಬೇಕು. ಇದೊಂದನ್ನ ನಂಬಿಕಸ್ಥರ ಹೆಸ್ರಿಗೆ ಮಾಡ್ಸಿ ಅಂದ್ರು ಆಡಿಟ್ರು, ನಿನ್ನ ಹೆಸ್ರಲ್ಲಿ ಟ್ಯಾಕ್ಸೂ ಅವರೇ ಕಟ್ಟುಸ್ತಾವ್ರೆ. ನೀನು ಬುಟ್ರೆ ನಂಗೆ ನಂಬಿಕಸ್ಥರು ಯಾರವ್ರೆ ಹೇಳು?"

"ಹಂಗಾರೆ ಅವತ್ತು ನಮ್ಮನ್ನ ಪೂಜೆಗೆ ಕೂರ್ಸಿದ್ದು?"

"ಫೈನಾನ್ಸಿನೋರಿಗೆ ಓನರ್ ಫೋಟೋ ಬೇಕಿತ್ತು. ಹಳೇದನ್ಯಾಕೆ ಈಗ ಕೆದಕ್ತೀಯ?"

ದನಿಯಲ್ಲಿ ಒರಟಿರಲಿಲ್ಲ. ಬೀಗದ ಕೈ ಎಲ್ಲಿದೆ ಎಂದು ಕೇಳಿದವರಿಗೆ ಹೇಳುವಂತೆ ಹೇಳಿದ. ಆ ದಿನ ಚಿಕ್ಕಗಂಗಮ್ಮ ಮನೆಗೆ ಬಂದು, ಸೀರೆಯನ್ನು ಮಡಿಸುವ ಮೊದಲು ಕಣ್ಣಿಗೊತ್ತಿಕೊಂಡದ್ದು ದಾಸಯ್ಯನಿಗೆ ನೆನಪಾಯಿತು.

"ತಾಲ್ಲೂಕ್ ಆಫೀಸ್‌ಗೆ ಬನ್ನಿ ಅಣ್ಣ. ಲಾರಿ ನಂದು, ದಾಸಯ್ಯ ಬರೀ ಡ್ರೈವರು ಅಂತ ಬರ್ಕೊಡಿ. ಸೋಮವಾರ ಅವಳನ್ನ ಸೇರಿಸ್ಬೇಕು."

"ಅದಾಗಕಿಲ್ಲ. ಹಂಗೆ ಬರ್ಕೊಟ್ರೆ ನನ್ನ ಹಿಂದಿನ ಲೆಕ್ಕ ಎಲ್ಲ ಈಚೆಗೆ ಬತ್ತದೆ. ಆಪ್ರೇಸನ್ನಿಗೆ ನಾನೇ ಕೊಡ್ತೀನಿ ಬುಡು, ನಿನ್ನ ಬತ್ತಾದಲ್ಲಿ ಸ್ವಲ್ಪ ಸ್ವಲ್ಪ ಮುರ್ಕೊತೀನಿ. ನಾನೇನು ಕೈ ಬುಡ್ತೀನಾ?"

ಹಗ್ಗ ಬಿಗಿಯುತ್ತಿದ್ದ ಹಮಾಲಿ ಮಾಯಣ್ಣ ಲಾರಿಯ ಮೇಲಿನಿಂದ, "ಓನರ್ರೂ ಅವನೇ, ಡ್ರೈವರ್ರೂ ಅವನೇ. ಅವನ ಬತ್ತಾ ನೀವ್ಯಾಕೆ ಮುರೀತೀರಿ ಬುಡಿ ಗೌಡ್ರೇ," ಎಂದ. ಯಾರೂ ನಗಲಿಲ್ಲ.

ದಾಸಯ್ಯ ತಾನು ಯಾವಾಗಲೂ ಕೂರುತ್ತಿದ್ದ ಕೊನೆಯ ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟ. ಮೆಟ್ಟಿಲು ಹತ್ತಿ ಹೋಗಿ ತಿಮ್ಮರಾಜುವಿನ ಪಕ್ಕದ ಕುರ್ಚಿಯಲ್ಲಿ ಕೂತ.

"ಲಾರಿ ನಿಮ್ದು ಅಂತ ಬರ್ಕೊಡಿ, ಈಗ್ಲೇ ಹೊರಡ್ತೀನಿ. ನಂದೇ ಅಂದ್ರೆ, ಅದು ಇವತ್ತು ಹೊರಡಾಕಿಲ್ಲ."

ತಿಮ್ಮರಾಜುವಿನ ಫೋನು ಬಡಿದುಕೊಂಡು ತಾನೇ ಸುಮ್ಮನಾಯಿತು.

ಒಳಗಿನಿಂದ ತಿಮ್ಮರಾಜುವಿನ ಹೆಂಡತಿ ಲಕ್ಷ್ಮಿದೇವಮ್ಮ ಎರಡು ಲೋಟ ಕಾಫಿ ತಂದರು. ಒಂದನ್ನು ಗಂಡನ ಕೈಗೆ ಕೊಟ್ಟು, ಇನ್ನೊಂದನ್ನು ಎಂದಿನಂತೆ ಕೊನೆಯ ಮೆಟ್ಟಿಲ ಮೇಲಿಡಲು ಬಗ್ಗಿದರು. ಅಲ್ಲಿ ಬರೀ ಚಪ್ಪಲಿ ಇತ್ತು. ಅವರು ಲೋಟ ಹಿಡಿದು ಅರ್ಧ ಬಗ್ಗಿದವರು ಹಾಗೆಯೇ ನಿಂತರು. ಕಾಫಿಯ ಹಬೆ ಅವರ ಮುಖಕ್ಕೆ ಏರುತ್ತಿತ್ತು.