ಎಡಗಡೆಯ ಬೋಲ್ಟು

ದಾರ ಎಳೆದು ಚಕ್ರದ ಓರೆ ತಿದ್ದುವುದರಲ್ಲಿ ಕೊಳ್ಳೇಗಾಲದಲ್ಲಿ ನನ್ನ ಮುಂದೆ ನಿಲ್ಲುವವನು ಯಾವನಿದ್ದಾನೆ? ಹೀಗೆ ಜಂಬ ಕೊಚ್ಚಿಕೊಂಡೇ ಇಪ್ಪತ್ತೆರಡು ವರ್ಷ ಗ್ಯಾರೇಜು ನಡೆಸಿದವನು ನಾನು. ಕಂಪ್ಯೂಟರ್ ಅಲೈನ್‌ಮೆಂಟ್ ಅನ್ನುವ ಬೋರ್ಡು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಮಗ್ಗದವರ ಮನೆಯಿಂದ ತಂದ ರೇಷ್ಮೆ ಹುರಿಯನ್ನು ಹಿಂದಿನ ಚಕ್ರದಿಂದ ಮುಂದಿನ ಚಕ್ರಕ್ಕೆ ಎಳೆದು ಕಟ್ಟಿದರೆ ಕೂದಲೆಳೆಯಷ್ಟು ಓರೆಯೂ ಕಣ್ಣಿಗೆ ಬೀಳುತ್ತದೆ.

ಆ ಶುಕ್ರವಾರ ಬೆಳಿಗ್ಗೆ ದೊಡ್ಡಮಾದಪ್ಪನವರ ಹಳೆಯ ಮಿನಿ ಲಾರಿ ಜಾಕಿಯ ಮೇಲಿತ್ತು. ಅದನ್ನು ಓಡಿಸುವವನು ಮಾದೇಶ್, ನನ್ನ ತಂಗಿ ಸೌಮ್ಯಳ ಗಂಡ. ಮುಂದಿನ ಸ್ಪ್ರಿಂಗ್ ಪಟ್ಟೆಗಳ ರಬ್ಬರ್ ಬುಶ್ ಸವೆದು ಗಾಡಿ ಎಡಕ್ಕೆ ಎಳೆಯುತ್ತಿತ್ತು. ಹೊಸ ಬುಶ್ ಹಾಕಿದೆ. ಗಾಡಿ ಜಾಕಿಯ ಮೇಲಿರುವಾಗ ಇದರ ಬೋಲ್ಟನ್ನು ಕೈಬಿಗಿ ಮಾಡಿ ಬಿಡಬೇಕು. ಚಕ್ರ ನೆಲಕ್ಕೆ ಕೂತು ಭಾರ ಬಿದ್ದ ಮೇಲೆ ಪೂರ್ತಿ ಬಿಗಿಯಬೇಕು. ಮೊದಲೇ ಬಿಗಿದರೆ ರಬ್ಬರು ತಿರುಚಿ ಹರಿಯುತ್ತದೆ. ಬಿಗಿಯದೇ ಬಿಟ್ಟರೆ ನಟ್ಟು ಕಳಚಿ ಪಟ್ಟೆ ಜಾರುತ್ತದೆ, ಆಮೇಲೆ ಸ್ಟೇರಿಂಗ್ ಮಾತು ಕೇಳುವುದಿಲ್ಲ.

ಜಾಕಿ ತೆಗೆದು ಗಾಡಿಯನ್ನು ನೆಲಕ್ಕೆ ಇಳಿಸಿದೆ. ಆಗ ದೊಡ್ಡಮಾದಪ್ಪನವರು, "ಮೈಸೂರ್ಗೆ ತಕಂಡೋಗಿ ಕಂಪ್ಯೂಟ್ರಲ್ಲಿ ನೋಡುಸ್ಬೇಕಿತ್ತು ಕಣ್ಲಾ" ಅಂದರು. ನನಗೆ ರೇಗಿತು. ಬೋಲ್ಟು ಬಿಗಿಯುವುದನ್ನು ಬಿಟ್ಟು, ಅವರಿಗೆ ತೋರಿಸಲೆಂದೇ ಮೊದಲು ದಾರ ಎಳೆದೆ. ತಿದ್ದಿ ಮುಗಿಸಿ ಬಲಗಡೆಯ ಬೋಲ್ಟು ಬಿಗಿದು ಎಡಕ್ಕೆ ಬರುವಷ್ಟರಲ್ಲಿ ಅವರು ಹಾರ ಹಿಡಿದು ನಿಂತಿದ್ದರು.

"ಹತ್ತೂವರೆಗೆ ರಾಹುಕಾಲ. ಈಚೆ ಬಾ, ಪೂಜೆ ಆಗ್ಲಿ."

"ಒಸಿ ಕೆಲ್ಸ ಅದೆ ಸಾ."

"ಪೂಜೆ ಆಗೋ ಗಾಡಿ ಮುಂದೆ ಸ್ಪ್ಯಾನರ್ ಹಿಡ್ಕಂಡು ನಿಂತ್ಕೋಬ್ಯಾಡ. ಈಚೆ ಬಾ ಅಂದ್ನಲ್ಲಾ!"

ಬಂದೆ. ಸೌಮ್ಯ ಆಗಲೇ ಬ್ಯಾಗು ಹಿಡಿದು ಕ್ಯಾಬಿನ್ ಹತ್ತಿ ಕೂತಿದ್ದಳು. ಗೋಡೌನಿನಲ್ಲಿ ಸಿಮೆಂಟ್ ತುಂಬಿಕೊಂಡು ಗಂಡನ ಜೊತೆಯಲ್ಲೇ ಮಾರ್ಟಳ್ಳಿಯ ಮನೆಗೆ ಹೋಗುವವಳು. ಕರ್ಪೂರ ಉರಿಯುತ್ತಿತ್ತು. ಮಾದೇಶ್ ಕಿಟಕಿಯಿಂದ ತಲೆ ಹಾಕಿ ಕೇಳಿದ.

"ಎಲ್ಲಾ ಬಿಗಿ ಆಯ್ತಾ ಬಾವ?"

ಆರತಿಯ ಮುಂದೆ "ಇಲ್ಲ" ಅನ್ನುವ ಮಾತು ಆಡಬಾರದು ನಮ್ಮಲ್ಲಿ. "ಆಯ್ತು, ಓಗಿ ಬಾ" ಅಂದುಬಿಟ್ಟೆ. ಲಾರಿ ಹೊರಟಿತು. ಕೂಗಬೇಕೆಂದು ಬಾಯಿ ತೆರೆದೆ. ಹೊರಟವರನ್ನು ಹಿಂದಿನಿಂದ ಕರೆದರೆ ಕೇಡು ಎಂದು ದೊಡ್ಡಮಾದಪ್ಪನವರು ಕಣ್ಣು ಬಿಟ್ಟರು. ಹನೂರಿನಲ್ಲಿ ಟೀಗೆ ನಿಲ್ಲಿಸುತ್ತಾನೆ, ಫೋನ್ ಮಾಡಿ ಹೇಳಿದರಾಯಿತು ಅಂದುಕೊಂಡೆ.

ಅಷ್ಟರಲ್ಲಿ ಕುಂತೂರಿನಿಂದ ಕಬ್ಬಿನ ಟ್ರ್ಯಾಕ್ಟರೊಂದು ಬಂತು. ಅದರ ಅಡಿಯಿಂದ ಎದ್ದು ಗಡಿಯಾರ ನೋಡಿದಾಗ ಹನ್ನೆರಡೂ ಮುಕ್ಕಾಲು. ಆಗ ಎಡಗಡೆಯ ಬೋಲ್ಟು ನೆನಪಾಯಿತು. ಮೂರು ಸಲ ಫೋನ್ ಮಾಡಿದರೂ ಸಿಗಲಿಲ್ಲ. ನಾಲ್ಕನೆಯ ಸಲ ಸೌಮ್ಯ ಎತ್ತಿದಳು.

"ಅಣ್ಣಾ, ಎಡಗಡೆ ಏನೋ ಟಕಟಕ ಅಂತದೆ ಕಣಣ್ಣ. ಕೌದಳ್ಳಿ ದಾಟಿ ಇಳಿಜಾರಲ್ಲಿ ಇದೀವಿ."

"ನಿಲ್ಸಕ್ಕೇಳವ್ವಾ! ಆ ಕಡೆ ಬೋಲ್ಟು ನಾನು ಬಿಗಿ ಮಾಡ್ನಿಲ್ಲ! ಬಿರ್ನೆ ನಿಲ್ಸಕ್ಕೇಳು!"

ಅವಳು ಗಂಡನಿಗೆ ಹೇಳಿದ್ದು ಕೇಳಿಸಿತು. ಅವನು ನಕ್ಕಿದ್ದೂ ಕೇಳಿಸಿತು.

"ನಿಮ್ಮಣ್ಣ ಬಿಗಿ ಮಾಡ್ದೆ ಬುಟ್ಟಾನಾ? ನಮ್ಮನ್ನ ಎದರ್ಸಕ್ಕೆ ಆಟ ಆಡ್ತಾವ್ನೆ. ಆರತಿ ಮುಂದ್ಲೇ ಕೇಳ್ದೆ, ಆಯ್ತು ಅಂದ. ಮಡುಗು ಫೋನ."

ಫೋನು ಕಡಿಯಿತು. ಮತ್ತೆ ಮಾಡಿದೆ, ಮತ್ತೂ ಮಾಡಿದೆ, ಸಿಗಲಿಲ್ಲ. ಸ್ಪ್ಯಾನರ್ ಸೊಂಟಕ್ಕೆ ಸಿಕ್ಕಿಸಿ ಬೈಕು ಹತ್ತಿದೆ. ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ, ಬೆಟ್ಟದ ದೇವರು ಮಾದಪ್ಪನಿಗೆ ಹರಕೆ ಹೊತ್ತೆ, ಅತ್ತೆ.

ಹನೂರು ದಾಟಿ ಸ್ವಲ್ಪ ದೂರ ಹೋಗಿದ್ದೆ. ಅರ್ಧ ದಾರಿಯಿಂದ ತಿರುಗಿಸಿಕೊಂಡು ಎದುರು ಬಂದ ಬಸ್ಸಿನ ಡ್ರೈವರು ಕೈ ಬೀಸಿ ನಿಲ್ಲಿಸಿದ.

"ಕೌದಳ್ಳಿ ಆಚೆ ದಾರಿ ಕಟ್ಟೋಗದೆ ಕಣಣ್ಣ, ವಾಪಸ್ ಓಗು. ರೋಡ್ ತುಂಬಾ ಸಿಮೆಂಟ್ ಮೂಟೆ ಬಿದ್ದವೆ" ಅಂದ.

ಲಾರಿಯ ಒಳಗಿದ್ದವರು ಏನಾದರು ಎಂದು ಕೇಳದೆ ಬೈಕನ್ನು ಮುಂದಕ್ಕೇ ಓಡಿಸಿದೆ.